ನೆರೆಹೊರೆಯ ಕಾಂತತ್ವ: ತೆಳು ಆಕ್ಸೈಡ್ ಪದರಗಳ ಒಂದು ಪಾಠ

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ನಾವೆಲ್ಲ ಒಂದು ಟೇಬಲ್ ಬಾಯಿಪಾಠ ಮಾಡಿದ್ದೇವೆ. ಡಯಾ, ಪ್ಯಾರಾ, ಫೆರೋ, ಆಂಟಿಫೆರೋ. ಒಂದೊಂದು ಕಾಲಮ್ಮಿಗೂ ಎರಡೆರಡು ಉದಾಹರಣೆ. ತಾಮ್ರ ಈ ಕಡೆ, ಅಲ್ಯೂಮಿನಿಯಂ ಆ ಕಡೆ, ಕಬ್ಬಿಣ ಇನ್ನೊಂದು ಕಡೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಟೇಬಲ್ ಓದಿದ ಮೇಲೆ ತಲೆಯಲ್ಲಿ ಒಂದು ನಂಬಿಕೆ ಉಳಿದುಬಿಡುತ್ತೆ: ಕಾಂತತ್ವ ಅನ್ನೋದು ವಸ್ತುವಿನ ಹುಟ್ಟುಗುಣ, ಕೆಮಿಕಲ್ ಫಾರ್ಮುಲಾ ಗೊತ್ತಾದರೆ ಅದು ಮ್ಯಾಗ್ನೆಟ್ ಹೌದೋ ಅಲ್ಲವೋ ಅಂತ ಹೇಳಿಬಿಡಬಹುದು ಅಂತ.

ಈ ನಂಬಿಕೆ ಎಲ್ಲಿ ಮುರಿಯುತ್ತೆ ಅಂತ ನೋಡೋಕೆ ಒಂದೇ ಒಂದು ವಸ್ತುವಿನ ಕುಟುಂಬ ಸಾಕು. ಅದರ ಹೆಸರು ಮ್ಯಾಂಗನೈಟ್. ಮೊದಲು ಒಂದು ಒಗಟು.

ಲ್ಯಾಂಥನಮ್ ಮ್ಯಾಂಗನೈಟ್ ಅಂತ ಒಂದು ಆಕ್ಸೈಡ್ ಇದೆ. ಒಂದು ಲ್ಯಾಂಥನಮ್, ಒಂದು ಮ್ಯಾಂಗನೀಸ್, ಮೂರು ಆಕ್ಸಿಜನ್. ಇದು ಕರೆಂಟ್ ಹರಿಸಲ್ಲ, ಫ್ರಿಜ್ಜಿನ ಮ್ಯಾಗ್ನೆಟ್ಟಿಗೂ ಅಂಟಲ್ಲ. ಸುಮಾರು 140 ಕೆಲ್ವಿನ್‌ಗಿಂತ ಕೆಳಗೆ ತಣ್ಣಗಾದರೆ ಆಂಟಿಫೆರೋಮ್ಯಾಗ್ನೆಟ್ ಆಗುತ್ತೆ. ಲ್ಯಾಂಥನಮ್ ಬದಲು ಪೂರ್ತಿ ಸ್ಟ್ರಾನ್ಷಿಯಂ ಹಾಕಿದರೆ ಸ್ಟ್ರಾನ್ಷಿಯಂ ಮ್ಯಾಂಗನೈಟ್. ಇದೇ ಘನಾಕೃತಿಯ ರಚನೆಯಲ್ಲಿ ಬೆಳೆಸಿದಾಗ ಇದೂ ಇನ್ಸುಲೇಟರ್, ಇದೂ ಆಂಟಿಫೆರೋ. ಈಗ ಎರಡನ್ನೂ ಬೆರೆಸಿ. ಲ್ಯಾಂಥನಮ್ 70 ಪಾಲು, ಸ್ಟ್ರಾನ್ಷಿಯಂ 30 ಪಾಲು. ಬರೋದು ಲೋಹದ ಹಾಗೆ ಕರೆಂಟ್ ಹರಿಸುವ ಫೆರೋಮ್ಯಾಗ್ನೆಟ್! ಅದರ ಕಾಂತತ್ವ ಸುಮಾರು 370 ಕೆಲ್ವಿನ್‌ವರೆಗೆ, ಅಂದ್ರೆ ಹತ್ತಿರ ಹತ್ತಿರ ನೀರು ಕುದಿಯೋ ಬಿಸಿಯವರೆಗೆ ಉಳಿಯುತ್ತೆ.

ಮ್ಯಾಗ್ನೆಟ್ ಅಲ್ಲದ ಎರಡು ವಸ್ತು ಸೇರಿ ಮ್ಯಾಗ್ನೆಟ್ ಹೇಗಾಯ್ತು? ಉತ್ತರ ಸಿಕ್ಕರೆ ಇದನ್ನು ತೆಳುವಾದ ಪದರ ಮಾಡಿದಾಗ ಏನಾಗುತ್ತೆ ಅನ್ನೋದೂ ತಾನಾಗೇ ಅರ್ಥ ಆಗುತ್ತೆ.

ಮನೆಯ ನಕ್ಷೆ

ಈ ಆಕ್ಸೈಡ್‌ಗಳ ರಚನೆಗೆ ಪೆರೋವ್‌ಸ್ಕೈಟ್ ಅಂತ ಹೆಸರು. ಒಂದು ಕ್ಯೂಬ್ ಕಲ್ಪಿಸಿಕೊಳ್ಳಿ. ಎಂಟು ಮೂಲೆಯಲ್ಲೂ ಮ್ಯಾಂಗನೀಸ್. ಹನ್ನೆರಡು ಅಂಚುಗಳ ಮಧ್ಯದಲ್ಲಿ ಒಂದೊಂದು ಆಕ್ಸಿಜನ್. ಕ್ಯೂಬಿನ ಹೊಟ್ಟೆಯಲ್ಲಿ ಲ್ಯಾಂಥನಮ್ ಅಥವಾ ಸ್ಟ್ರಾನ್ಷಿಯಂ. ಕ್ಯೂಬಿನ ಒಂದು ಬದಿ ಸುಮಾರು 0.39 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥ 25 ಲಕ್ಷ ಕ್ಯೂಬ್ ಸಾಲಾಗಿ ನಿಲ್ಲುತ್ತವೆ.

ಈ ನಕ್ಷೆಯಲ್ಲಿ ಮುಖ್ಯವಾಗಿ ಗಮನಿಸಬೇಕಾದ್ದು ಇದು: ಎರಡು ಮ್ಯಾಂಗನೀಸ್‌ಗಳು ನೇರವಾಗಿ ಒಂದಕ್ಕೊಂದು ತಾಗಲ್ಲ. ನಡುವೆ ಯಾವಾಗಲೂ ಒಂದು ಆಕ್ಸಿಜನ್ ಇದ್ದೇ ಇರುತ್ತೆ.

ಇನ್ನು ಚಾರ್ಜ್ ಲೆಕ್ಕ. ಮೂರು ಆಕ್ಸಿಜನ್ ಸೇರಿ 6 ಮೈನಸ್. ಲ್ಯಾಂಥನಮ್ 3 ಪ್ಲಸ್ ಕೊಟ್ಟರೆ ಮ್ಯಾಂಗನೀಸ್ ಉಳಿದ 3 ಪ್ಲಸ್ ಕೊಡಬೇಕು. ಸ್ಟ್ರಾನ್ಷಿಯಂ ಕೊಡೋದು 2 ಪ್ಲಸ್ ಮಾತ್ರ, ಹಾಗಾಗಿ ಅದರ ಜೊತೆಗಿರೋ ಮ್ಯಾಂಗನೀಸ್ 4 ಪ್ಲಸ್ ಆಗಬೇಕು. ಮ್ಯಾಂಗನೀಸ್ 3+ ಬಳಿ ಹೊರಗಿನ ಡಿ ಕಕ್ಷೆಗಳಲ್ಲಿ ನಾಲ್ಕು ಎಲೆಕ್ಟ್ರಾನ್ ಇರುತ್ತೆ, 4+ ಬಳಿ ಮೂರು.

ಡಿ ಕಕ್ಷೆಗಳು ಐದು. ಸುತ್ತ ಆರು ಆಕ್ಸಿಜನ್ ನಿಂತಿರೋದ್ರಿಂದ ಈ ಐದೂ ಒಂದೇ ಎತ್ತರದಲ್ಲಿ ಇರಲ್ಲ. ಮೂರು ಕೆಳಗೆ, ಎರಡು ಮೇಲೆ. ಇದರಲ್ಲಿ ಎಲೆಕ್ಟ್ರಾನ್‌ಗಳು ಕೂರೋ ರೀತಿ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸಿನ ಹಾಗೆ. ಖಾಲಿ ಸೀಟು ಇರೋವರೆಗೂ ಯಾರೂ ಅಪರಿಚಿತರ ಪಕ್ಕ ಹೋಗಿ ಕೂರಲ್ಲ. ಪಠ್ಯದಲ್ಲಿ ಇದು ಹುಂಡ್ಸ್ ನಿಯಮ: ಒಂದೊಂದು ಕಕ್ಷೆಗೆ ಒಂದೊಂದು ಎಲೆಕ್ಟ್ರಾನ್, ಎಲ್ಲದರ ಸ್ಪಿನ್ನೂ ಒಂದೇ ದಿಕ್ಕು. ಮ್ಯಾಂಗನೀಸ್ 4+ನಲ್ಲಿ ಕೆಳಗಿನ ಮೂರು ಸೀಟು ತುಂಬಿ ಮೇಲಿನ ಎರಡೂ ಖಾಲಿ. 3+ನಲ್ಲಿ ನಾಲ್ಕನೆಯದು ಜೋಡಿ ಕೂರೋಕೆ ಒಪ್ಪದೆ ಮೇಲಿನ ಸೀಟಿಗೆ ಹೋಗುತ್ತೆ, ಅದೇ ಸ್ಪಿನ್ ದಿಕ್ಕಿನಲ್ಲಿ. ಹಾಗಾಗಿ 4+ನ ಕಾಂತ ಬಲ 3 ಬೋರ್ ಮ್ಯಾಗ್ನೆಟಾನ್, 3+ನದ್ದು 4.

ನೋಡಿ, ಬಿಡಿಬಿಡಿಯಾಗಿ ಪ್ರತಿ ಮ್ಯಾಂಗನೀಸೂ ಒಂದು ಪುಟ್ಟ ಮ್ಯಾಗ್ನೆಟ್ಟೇ. ಮೂರೂ ವಸ್ತುಗಳಲ್ಲಿ ಪುಟ್ಟ ಮ್ಯಾಗ್ನೆಟ್‌ಗಳಿಗೆ ಬರ ಇಲ್ಲ. ವ್ಯತ್ಯಾಸ ಇರೋದು ಅಕ್ಕಪಕ್ಕದವು ಒಂದೇ ಕಡೆ ಮುಖ ಮಾಡ್ತವೋ, ಎದುರು ಬದುರಾಗ್ತವೋ ಅನ್ನೋದರಲ್ಲಿ.

ನಡುವಿನ ಆಕ್ಸಿಜನ್ ಏನು ಮಾಡುತ್ತೆ?

ಆಕ್ಸಿಜನ್‌ನ ಪಿ ಕಕ್ಷೆಯಲ್ಲಿ ಒಂದು ಜೋಡಿ ಎಲೆಕ್ಟ್ರಾನ್ ಇದೆ: ಒಂದು ಸ್ಪಿನ್ ಮೇಲೆ, ಇನ್ನೊಂದು ಕೆಳಗೆ. ಎಡಗಡೆ ಮ್ಯಾಂಗನೀಸ್‌ನ ಸ್ಪಿನ್ ಮೇಲಕ್ಕಿದೆ ಅಂದ್ಕೊಳ್ಳಿ. ಅದರ ಕಕ್ಷೆ ಅರ್ಧ ತುಂಬಿದೆ. ಪೌಲಿ ನಿಯಮದ ಪ್ರಕಾರ ಅಲ್ಲಿಗೆ ಸ್ವಲ್ಪ ವಾಲೋಕೆ ಆಗೋದು ಆಕ್ಸಿಜನ್‌ನ 'ಕೆಳಗೆ' ಎಲೆಕ್ಟ್ರಾನ್‌ಗೆ ಮಾತ್ರ. ಹಾಗಾದ್ರೆ ಬಲಗಡೆಗೆ ವಾಲೋಕೆ ಉಳಿದದ್ದು 'ಮೇಲೆ' ಎಲೆಕ್ಟ್ರಾನ್. ಅದಕ್ಕೆ ಜಾಗ ಸಿಗಬೇಕಾದ್ರೆ ಬಲಗಡೆ ಮ್ಯಾಂಗನೀಸ್‌ನ ಸ್ಪಿನ್ ಕೆಳಗಿರಬೇಕು. ಹೀಗೆ ವಾಲಿದಷ್ಟೂ ಶಕ್ತಿ ಕಮ್ಮಿ ಆಗೋದ್ರಿಂದ ಅಕ್ಕಪಕ್ಕದ ಮ್ಯಾಂಗನೀಸ್‌ಗಳು ವಿರುದ್ಧ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಇದಕ್ಕೆ ಸೂಪರ್ ಎಕ್ಸ್‌ಚೇಂಜ್ ಅಂತಾರೆ. 1934ರಲ್ಲಿ ಕ್ರಾಮರ್ಸ್ ಇದರ ಬೀಜ ಹಾಕಿದರು, 1950ರಲ್ಲಿ ಆಂಡರ್ಸನ್ ಮುಂದುವರಿಸಿದರು.

ಸ್ಟ್ರಾನ್ಷಿಯಂ ಮ್ಯಾಂಗನೈಟ್‌ನಲ್ಲಿ ಪ್ರತಿ ಮ್ಯಾಂಗನೀಸ್‌ಗೂ ಆರು ನೆರೆಯವರು, ಆರೂ ಜನ ವಿರುದ್ಧ. ಲ್ಯಾಂಥನಮ್ ಮ್ಯಾಂಗನೈಟ್‌ನಲ್ಲಿ ಮೇಲಿನ ಸೀಟಿನ ಎಲೆಕ್ಟ್ರಾನ್ ಇರೋದ್ರಿಂದ ಕಥೆ ಸ್ವಲ್ಪ ಬೇರೆ. ಆ ಎಲೆಕ್ಟ್ರಾನ್‌ನ ಕಕ್ಷೆ ಯಾವ ಕಡೆ ಚಾಚಿದೆ ಅನ್ನೋದರ ಮೇಲೆ, ಒಂದೇ ಪದರದ ಒಳಗೆ ಎಲ್ಲರೂ ಒಂದು ದಿಕ್ಕು, ಮುಂದಿನ ಪದರ ಪೂರ್ತಿ ಉಲ್ಟಾ ದಿಕ್ಕು. ಒಂದು ಪದರದ ಮ್ಯಾಗ್ನೆಟ್ಟನ್ನು ಮುಂದಿನ ಪದರ ರದ್ದು ಮಾಡುತ್ತೆ, ಒಟ್ಟು ಸೊನ್ನೆ. 1955ರಲ್ಲಿ ವೊಲನ್ ಮತ್ತು ಕೋಲರ್ ನ್ಯೂಟ್ರಾನ್‌ಗಳನ್ನು ಹಾಯಿಸಿ ಈ ಜೋಡಣೆಗಳನ್ನು ಕಂಡರು.

ಅದೇ 1955ರಲ್ಲಿ, ಯಾವ ಕಕ್ಷೆ ಯಾವ ಕೋನದಲ್ಲಿ ಸೇರಿದರೆ ಫೆರೋ, ಯಾವಾಗ ಆಂಟಿಫೆರೋ ಅಂತ ನಿಯಮ ಬರೆದವರು ಜಾನ್ ಗುಡ್‌ಇನಫ್. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಲಿಥಿಯಂ ಅಯಾನ್ ಬ್ಯಾಟರಿಗಾಗಿ 2019ರಲ್ಲಿ, 97ನೇ ವಯಸ್ಸಿನಲ್ಲಿ ನೊಬೆಲ್ ಪಡೆದವರು ಇವರೇ. ಆ ಬ್ಯಾಟರಿಯ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕೂಡ ಪದರ ಪದರವಾಗಿರುವ ಆಕ್ಸೈಡೇ.

ಬೆರೆಸಿದಾಗ ನಡೆಯೋದು

ಈಗ 30 ಪಾಲು ಸ್ಟ್ರಾನ್ಷಿಯಂ ಹಾಕಿದ್ದೀವಿ. 100ರಲ್ಲಿ 70 ಮ್ಯಾಂಗನೀಸ್ 3+, 30 ಮ್ಯಾಂಗನೀಸ್ 4+. ಅಂದ್ರೆ ಅಲ್ಲಲ್ಲಿ ಮೇಲಿನ ಸೀಟು ಖಾಲಿ. ಪಕ್ಕದ ಮನೆಯ ನಾಲ್ಕನೇ ಎಲೆಕ್ಟ್ರಾನ್ ಈ ಖಾಲಿ ಸೀಟಿಗೆ ಹಾರಬಹುದು. ದಾರಿ ಮಾತ್ರ ಆಕ್ಸಿಜನ್ ಮೂಲಕ: ಎಡಗಡೆಯಿಂದ ಒಂದು ಆಕ್ಸಿಜನ್‌ಗೆ ಬರುತ್ತೆ, ಅದೇ ಹೊತ್ತಿಗೆ ಆಕ್ಸಿಜನ್‌ನಿಂದ ಒಂದು ಬಲಗಡೆಗೆ ಹೋಗುತ್ತೆ. ಎರಡು ಜಿಗಿತ ಒಟ್ಟಿಗೆ. ಅದಕ್ಕೇ ಡಬಲ್ ಎಕ್ಸ್‌ಚೇಂಜ್.

ಇಲ್ಲಿ ಒಂದು ಷರತ್ತು ಇದೆ. ಹೋಗಿ ಸೇರೋ ಮನೆಯಲ್ಲಿ ಆಗಲೇ ಮೂರು ಜನ ಕೂತಿದ್ದಾರೆ. ಬಂದವನ ಸ್ಪಿನ್ ಅವರ ಸ್ಪಿನ್ ಜೊತೆ ಹೊಂದಬೇಕು, ಇಲ್ಲದಿದ್ದರೆ ಹುಂಡ್ಸ್ ನಿಯಮ ದೊಡ್ಡ ದಂಡ ಹಾಕುತ್ತೆ. ಎರಡು ಮನೆಗಳ ಸ್ಪಿನ್ ನಡುವಿನ ಕೋನ θ ಆದರೆ ಜಿಗಿಯುವ ಸಾಧ್ಯತೆಯ ಅಳತೆ ಕಾಸ್(θ/2) ಪ್ರಕಾರ ಬದಲಾಗುತ್ತೆ ಅಂತ 1955ರಲ್ಲಿ ಆಂಡರ್ಸನ್ ಮತ್ತು ಹಸೆಗಾವಾ ತೋರಿಸಿದರು. ಕೋನ 0 ಇದ್ದರೆ 1, 90 ಡಿಗ್ರಿಗೆ 0.71, ಪೂರ್ತಿ ವಿರುದ್ಧ ಇದ್ದರೆ 0.

ಕ್ವಾಂಟಮ್ ಲೋಕದಲ್ಲಿ ಓಡಾಡೋಕೆ ಜಾಗ ಜಾಸ್ತಿ ಸಿಕ್ಕಷ್ಟೂ ಎಲೆಕ್ಟ್ರಾನ್‌ನ ಶಕ್ತಿ ಕಮ್ಮಿ. ಹಾಗಾಗಿ ಎಲೆಕ್ಟ್ರಾನ್ ಓಡಾಡಲಿ ಅಂತ ಸ್ಪಿನ್‌ಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ, ಸ್ಪಿನ್‌ಗಳು ತಿರುಗಿದ್ದರಿಂದ ಎಲೆಕ್ಟ್ರಾನ್ ಇನ್ನೂ ಸಲೀಸಾಗಿ ಓಡಾಡುತ್ತೆ. ಕಾಂತತ್ವ ಮತ್ತು ಕರೆಂಟ್ ಇಲ್ಲಿ ಜೋಡೆತ್ತಿನ ಹಾಗೆ. ಒಂದು ಬಂದರೆ ಇನ್ನೊಂದು ಬರುತ್ತೆ, ಒಂದು ನಿಂತರೆ ಇನ್ನೊಂದೂ ನಿಲ್ಲುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ಯೋಂಕರ್ ಮತ್ತು ವಾನ್ ಸಾಂಟೆನ್ 1950ರಲ್ಲಿ ಈ ಬೆರಕೆ ಮ್ಯಾಗ್ನೆಟ್‌ಗಳನ್ನು ವರದಿ ಮಾಡಿದರು, 1951ರಲ್ಲಿ ಜೀನರ್ ಈ ವಿವರಣೆ ಕೊಟ್ಟರು. ಒಗಟಿನ ಉತ್ತರ ಇದೇ.

ಲೆಕ್ಕವನ್ನೂ ಮಾಡಿಬಿಡೋಣ. ಎಲ್ಲ ಸ್ಪಿನ್ ಒಂದೇ ಕಡೆ ಇದ್ದರೆ ಒಂದು ಮ್ಯಾಂಗನೀಸ್‌ಗೆ ಸರಾಸರಿ 0.7 × 4 + 0.3 × 3 = 3.7 ಬೋರ್ ಮ್ಯಾಗ್ನೆಟಾನ್.

ಕಾಂತತ್ವ ಮತ್ತು ಕರೆಂಟ್ ಜೋಡಿಯಾದ್ದರಿಂದ ಒಂದು ಮಜಾ ಇದೆ. ಸ್ಪಿನ್‌ಗಳು ಇನ್ನೇನು ಚೆಲ್ಲಾಪಿಲ್ಲಿ ಆಗಬೇಕು ಅನ್ನೋ ತಾಪಮಾನದ ಹತ್ತಿರ ಹೊರಗಿನಿಂದ ಮ್ಯಾಗ್ನೆಟಿಕ್ ಫೀಲ್ಡ್ ಕೊಟ್ಟರೆ ಅವು ಸಾಲಾಗಿ ನಿಲ್ಲುತ್ತವೆ, ರೆಸಿಸ್ಟೆನ್ಸ್ ದಿಢೀರ್ ಬೀಳುತ್ತೆ. 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕ್ಯಾಲ್ಸಿಯಂ ಬೆರೆಸಿದ ಲ್ಯಾಂಥನಮ್ ಮ್ಯಾಂಗನೈಟ್‌ನ ತೆಳು ಫಿಲ್ಮ್‌ನಲ್ಲಿ, 77 ಕೆಲ್ವಿನ್‌ನಲ್ಲಿ, 6 ಟೆಸ್ಲಾ ಫೀಲ್ಡ್‌ಗೆ ರೆಸಿಸ್ಟೆನ್ಸ್ ಸಾವಿರ ಪಟ್ಟಿಗೂ ಹೆಚ್ಚು ಕುಸಿಯಿತು. ಇದಕ್ಕೆ 'ಕೊಲೊಸಲ್' ಮ್ಯಾಗ್ನೆಟೊರೆಸಿಸ್ಟೆನ್ಸ್ ಅನ್ನೋ ಹೆಸರೇ ನಿಂತಿತು.

ಆ ಹೊತ್ತಿನಲ್ಲಿ ನಮ್ಮ ಬೆಂಗಳೂರು ಸುಮ್ಮನೆ ಕೂತಿರಲಿಲ್ಲ. ಸಿ. ಎನ್. ಆರ್. ರಾವ್ ಅವರ ತಂಡ ಮ್ಯಾಂಗನೈಟ್‌ಗಳ ಮೇಲೆ ಬಹಳ ಕೆಲಸ ಮಾಡಿತು. ಅವರು ಫ್ರಾನ್ಸ್‌ನ ರವೋ ಜೊತೆ ಸಂಪಾದಿಸಿದ ಈ ವಿಷಯದ ಪುಸ್ತಕ 1998ರಲ್ಲಿ ಬಂತು. ಡಬಲ್ ಎಕ್ಸ್‌ಚೇಂಜ್ ಒಂದರಿಂದಲೇ ಇಷ್ಟು ದೊಡ್ಡ ಕುಸಿತ ವಿವರಿಸೋಕೆ ಆಗಲ್ಲ, ಎಲೆಕ್ಟ್ರಾನ್ ಕೂತ ಕಡೆ ಆಕ್ಸಿಜನ್ ಪಂಜರವೇ ಸೊಟ್ಟಗಾಗೋದನ್ನೂ ಸೇರಿಸಬೇಕು ಅಂತ 1995ರಲ್ಲಿ ಮಿಲ್ಲಿಸ್ ಮತ್ತು ಸಂಗಡಿಗರು ವಾದಿಸಿದ್ದರು. 2004ರಲ್ಲಿ ಐಐಎಸ್‌ಸಿಯ ಟಿ. ವಿ. ರಾಮಕೃಷ್ಣನ್, ಎಚ್. ಆರ್. ಕೃಷ್ಣಮೂರ್ತಿ ಮತ್ತು ಸಂಗಡಿಗರು ಒಂದು ಸಿದ್ಧಾಂತ ಕೊಟ್ಟರು: ಮೇಲಿನ ಸೀಟಿನ ಎಲೆಕ್ಟ್ರಾನ್‌ಗಳಲ್ಲಿ ಎರಡು ಬಗೆ, ಪಂಜರವನ್ನು ಸೊಟ್ಟ ಮಾಡಿ ಅಲ್ಲೇ ಸಿಕ್ಕಿಕೊಂಡವು ಕೆಲವು, ಓಡಾಡುವವು ಕೆಲವು.

ತೆಳು ಮಾಡಿದರೆ?

ಇಲ್ಲಿಂದ ನಮ್ಮ ಮುಖ್ಯ ಪ್ರಶ್ನೆ. ಲೇಸರ್ ಹೊಡೆತದಿಂದ ಆಕ್ಸೈಡ್ ಬಿಲ್ಲೆಯನ್ನು ಆವಿ ಮಾಡಿ, ಆ ಆವಿಯನ್ನು ಬಿಸಿ ಮಾಡಿದ ಹರಳಿನ ಮೇಲೆ ಕೂರಿಸಿ, ಒಂದೊಂದೇ ಪದರ ಎಣಿಸುತ್ತಾ ಫಿಲ್ಮ್ ಬೆಳೆಸಬಹುದು. ಇದು ಪಲ್ಸ್ಡ್ ಲೇಸರ್ ಡೆಪೊಸಿಷನ್. ಕೆಳಗಿನ ಹರಳಿಗೆ ಸಬ್‌ಸ್ಟ್ರೇಟ್ ಅಂತಾರೆ, ಸಾಮಾನ್ಯವಾಗಿ ಸ್ಟ್ರಾನ್ಷಿಯಂ ಟೈಟನೇಟ್. ಹೀಗೆ ತೆಳುವಾದ ಫಿಲ್ಮ್‌ನಲ್ಲಿ ಮೂರು ಸಂಗತಿ ಬದಲಾಗುತ್ತವೆ.

ಒಂದು, ನೆರೆಯವರು ಕಮ್ಮಿ ಆಗ್ತಾರೆ. ಒಳಗಿನ ಮ್ಯಾಂಗನೀಸ್‌ಗೆ ಆರು ನೆರೆ. ಮೇಲ್ಮೈಯಲ್ಲಿರೋದಕ್ಕೆ ಐದು, ಯಾಕಂದ್ರೆ ಮೇಲೆ ಗಾಳಿ. ತಳದಲ್ಲಿರೋದಕ್ಕೂ ಐದೇ, ಯಾಕಂದ್ರೆ ಕೆಳಗಿರೋದು ಕಾಂತತ್ವ ಇಲ್ಲದ ಟೈಟಾನಿಯಂ. ಒಟ್ಟು ಎನ್ ಪದರ ಇದ್ದರೆ ಸರಾಸರಿ ನೆರೆಯವರು 6 − 2/ಎನ್. ಎಂಟು ಪದರಕ್ಕೆ 5.75. ಬರೀ ನಾಲ್ಕು ಪರ್ಸೆಂಟ್ ನಷ್ಟ, ಏನೂ ಆಗಬಾರದು ಅನ್ಸುತ್ತೆ ಅಲ್ವಾ? ಆದರೆ 2008ರಲ್ಲಿ ಪ್ರಕಟವಾದ ಅಳತೆಗಳಲ್ಲಿ, ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಬೆಳೆಸಿದ ನಮ್ಮ 70-30 ಬೆರಕೆ ಸುಮಾರು ಎಂಟು ಪದರಕ್ಕಿಂತ ತೆಳುವಾದಾಗ ಲೋಹದ ಗುಣ ಕಳೆದುಕೊಂಡು ಇನ್ಸುಲೇಟರ್ ಆಯಿತು. ಮೂರೇ ಪದರದಲ್ಲೂ ಕಾಂತತ್ವ ಸ್ವಲ್ಪ ಉಳಿದಿತ್ತು, ಆದರೆ ಬಹಳ ಸೊರಗಿತ್ತು. ಇಂಥ ಸೊರಗಿದ ಭಾಗಕ್ಕೆ 'ಡೆಡ್ ಲೇಯರ್' ಅಂತಲೇ ಹೆಸರು. ಅಂದ್ರೆ ತಲೆ ಎಣಿಸಿದರೆ ಸಾಲದು. ಅಂಚಿನಲ್ಲಿ ಆಕ್ಸಿಜನ್ ಪಂಜರದ ಓರೆ ಬದಲಾಗುತ್ತೆ, ಮೇಲಿನ ಸೀಟಿನ ಎಲೆಕ್ಟ್ರಾನ್ ಬೇರೆ ಕಕ್ಷೆ ಹಿಡಿಯುತ್ತೆ. ಉಳಿದ ನೆರೆಯವರ ಜೊತೆಗಿನ ಸಂಬಂಧವೇ ಕೆಡುತ್ತೆ.

ಎರಡು, ಎಳೆತ. ನಮ್ಮ ಬೆರಕೆಯ ಕ್ಯೂಬ್ ಬದಿ 0.388 ನ್ಯಾನೋಮೀಟರ್, ಸ್ಟ್ರಾನ್ಷಿಯಂ ಟೈಟನೇಟ್‌ನದ್ದು 0.3905. ತೆಳು ಫಿಲ್ಮ್ ತಳದ ಅಳತೆಗೇ ಹೊಂದಿಕೊಳ್ಳಬೇಕಾಗಿ ಬರೋದ್ರಿಂದ ಅಡ್ಡಕ್ಕೆ 0.6 ಪರ್ಸೆಂಟ್ ಹಿಗ್ಗುತ್ತೆ, ಎತ್ತರದಲ್ಲಿ ಕುಗ್ಗುತ್ತೆ. ಆಗ ಎಲೆಕ್ಟ್ರಾನ್ ಅಡ್ಡಡ್ಡ ಚಾಚಿದ ಕಕ್ಷೆ ಇಷ್ಟಪಡುತ್ತೆ. ಬದಲಿಗೆ ಲ್ಯಾಂಥನಮ್ ಅಲ್ಯುಮಿನೇಟ್ ಮೇಲೆ ಬೆಳೆಸಿದರೆ ಅದರ ಬದಿ 0.379, ಅಂದ್ರೆ ಫಿಲ್ಮ್ ಅಡ್ಡಕ್ಕೆ 2.3 ಪರ್ಸೆಂಟ್ ಹಿಂಡಿಸಿಕೊಂಡು ಉದ್ದಕ್ಕೆ ಏಳುತ್ತೆ, ಎಲೆಕ್ಟ್ರಾನ್ ನೆಟ್ಟಗೆ ನಿಂತ ಕಕ್ಷೆಗೆ ಹೋಗುತ್ತೆ. ಪರಿಣಾಮ: ಮೊದಲನೆಯದರಲ್ಲಿ ಕಾಂತತ್ವ ಫಿಲ್ಮ್‌ನ ಸಮತಲದಲ್ಲಿ ಮಲಗಲು ಬಯಸುತ್ತೆ, ಎರಡನೆಯದರಲ್ಲಿ ಲಂಬವಾಗಿ ನಿಲ್ಲಲು. ಫಾರ್ಮುಲಾ ಒಂದೇ, ಕೆಳಗಿನ ಹಾಸಿಗೆ ಮಾತ್ರ ಬೇರೆ.

ಮೂರು, ಪದರಗಳ ಕ್ರಮ. ನನಗೆ ಅತಿ ಹೆಚ್ಚು ಇಷ್ಟವಾದ ಪ್ರಯೋಗ ಇದು. ಅಮೆರಿಕದ ಆರ್ಗಾನ್ ಲ್ಯಾಬ್‌ನ ತಂಡ 2008ರಲ್ಲಿ ಎರಡು ಮ್ಯಾಂಗನೈಟ್‌ಗಳನ್ನು ಬೆರೆಸದೆ, ಪದರ ಪದರವಾಗಿ ಜೋಡಿಸಿತು. ಲ್ಯಾಂಥನಮ್ ಪದರ 2, ಸ್ಟ್ರಾನ್ಷಿಯಂ ಪದರ 1, ಮತ್ತೆ 2, ಮತ್ತೆ 1. ಇನ್ನೊಂದು ಸ್ಯಾಂಪಲ್‌ನಲ್ಲಿ 4 ಮತ್ತು 2. ಮತ್ತೊಂದರಲ್ಲಿ 6 ಮತ್ತು 3. ಎಲ್ಲದರಲ್ಲೂ ಒಟ್ಟು ಪ್ರಮಾಣ ಒಂದೇ, ಮೂರರಲ್ಲಿ ಎರಡು ಪಾಲು ಲ್ಯಾಂಥನಮ್. ಕೆಮಿಸ್ಟ್ರಿ ಲ್ಯಾಬಿಗೆ ಕೊಟ್ಟರೆ ಎಲ್ಲದಕ್ಕೂ ಒಂದೇ ಫಾರ್ಮುಲಾ ಬರೆದುಕೊಡ್ತಾರೆ. ಆದರೆ 2-1 ಮತ್ತು 4-2 ಜೋಡಣೆಗಳು ಲೋಹ, 6-3 ಮತ್ತು ಅದಕ್ಕಿಂತ ದಪ್ಪನೆಯವು ತಣ್ಣಗಾದಾಗ ಇನ್ಸುಲೇಟರ್! ಕಾರಣ ಸರಳ. ಲ್ಯಾಂಥನಮ್ ಕಡೆಯ ಎಲೆಕ್ಟ್ರಾನ್ ಸ್ಟ್ರಾನ್ಷಿಯಂ ಕಡೆಗೆ ಒಂದೆರಡು ಪದರದಷ್ಟು ಮಾತ್ರ ಚೆಲ್ಲುತ್ತೆ. ಪದರ ತೆಳುವಿದ್ದರೆ ಎಲ್ಲ ಕಡೆ ತಲುಪಿ ಬೆರಕೆಯ ಹಾಗೇ ಆಗುತ್ತೆ. ದಪ್ಪ ಆದರೆ ನಡುವಿನ ಪದರಗಳಿಗೆ ತಲುಪಲ್ಲ, ಕಾಂತತ್ವ ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಆಗುತ್ತೆ.

ಇದರ ಜೊತೆಗೆ 2015ರ ಇನ್ನೊಂದು ಫಲಿತಾಂಶ ಇಟ್ಟು ನೋಡಿ. ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಶುದ್ಧ ಲ್ಯಾಂಥನಮ್ ಮ್ಯಾಂಗನೈಟ್ ಐದು ಪದರ ಇದ್ದಾಗ ಫೆರೋಮ್ಯಾಗ್ನೆಟ್ ಅಲ್ಲ, ಆರನೇ ಪದರ ಬಿದ್ದಾಗ ಹೌದು. ಟೇಬಲ್‌ನಲ್ಲಿ ಇದನ್ನು ಯಾವ ಕಾಲಮ್ಮಿಗೆ ಹಾಕ್ತೀರಿ?

ಅಳೆಯೋದೇ ಒಂದು ಪರೀಕ್ಷೆ

ಇಷ್ಟು ತೆಳು ಫಿಲ್ಮ್‌ನ ಕಾಂತತ್ವ ಅಳೆಯೋದು ಎಷ್ಟು ನಾಜೂಕು ಅಂತ ಲೆಕ್ಕ ಹಾಕೋಣ. 5 ಮಿಲಿಮೀಟರ್ ಚೌಕದ, ಎಂಟು ಪದರದ ಫಿಲ್ಮ್ ತಗೊಳ್ಳಿ. ಒಂದು ಪದರದಲ್ಲಿ ಸುಮಾರು 1.6 × 10¹⁴ ಮ್ಯಾಂಗನೀಸ್, ಎಂಟರಲ್ಲಿ 1.3 × 10¹⁵. ಒಂದೊಂದಕ್ಕೆ 3.7 ಬೋರ್ ಮ್ಯಾಗ್ನೆಟಾನ್ ಅಂದರೆ ಒಟ್ಟು ಸುಮಾರು 4.5 × 10⁻⁸ ಆಂಪಿಯರ್ ಚದರ ಮೀಟರ್. ಫಿಲ್ಮ್‌ನ ತೂಕ ಅರ್ಧ ಮೈಕ್ರೋಗ್ರಾಂ.

ಸ್ಕ್ವಿಡ್ ಅನ್ನೋ ಉಪಕರಣ ಇಷ್ಟನ್ನು ಆರಾಮಾಗಿ ಅಳೆಯುತ್ತೆ. ತೊಂದರೆ ಬೇರೆ. ಇಷ್ಟೇ ಕಾಂತ ಬಲ ಕಬ್ಬಿಣದಿಂದ ಬರಬೇಕಾದರೆ ಎಷ್ಟು ಕಬ್ಬಿಣ ಬೇಕು? ಒಂದು ಗ್ರಾಂ ಕಬ್ಬಿಣಕ್ಕೆ ಸುಮಾರು 0.22 ಆಂಪಿಯರ್ ಚದರ ಮೀಟರ್. ಭಾಗಿಸಿದರೆ 0.2 ಮೈಕ್ರೋಗ್ರಾಂ! ಸ್ಯಾಂಪಲ್ಲನ್ನು ಸ್ಟೀಲ್ ಚಿಮಟದಲ್ಲಿ ಹಿಡಿದಾಗ ಅಂಚಿಗೆ ಅಂಟಿದ, ಕಣ್ಣಿಗೆ ಕಾಣದ ಚೂರು ಸಾಕು, 'ಕಾಂತತ್ವ ಸಿಕ್ತು' ಅಂತ ಸಂಭ್ರಮಿಸೋಕೆ. ಇದರ ಮೇಲೆ ಸಬ್‌ಸ್ಟ್ರೇಟ್ ಫಿಲ್ಮ್‌ಗಿಂತ ಲಕ್ಷ ಪಟ್ಟು ದಪ್ಪ. ಅದರ ದುರ್ಬಲ ಡಯಾಮ್ಯಾಗ್ನೆಟಿಕ್ ಸಿಗ್ನಲ್ ಕೂಡ ಹೆಚ್ಚಿನ ಫೀಲ್ಡ್‌ನಲ್ಲಿ ಫಿಲ್ಮ್‌ನ ಸಿಗ್ನಲ್‌ಗೆ ಸಮ ಸಮ ಬರುತ್ತೆ, ಅದನ್ನು ಕಳೆಯಬೇಕು. ಅದಕ್ಕೇ ಈ ಕ್ಷೇತ್ರದವರು ಪ್ಲಾಸ್ಟಿಕ್ ಅಥವಾ ಟೈಟಾನಿಯಂ ಚಿಮಟ ಬಳಸ್ತಾರೆ, ಪದರ ಪದರದ ಲೆಕ್ಕ ಕೊಡುವ ನ್ಯೂಟ್ರಾನ್ ಪ್ರತಿಫಲನ, ಮ್ಯಾಂಗನೀಸ್‌ನ ಸಿಗ್ನಲ್ ಮಾತ್ರ ಆರಿಸುವ ಎಕ್ಸ್‌ರೇ ವಿಧಾನಗಳಿಂದ ಮತ್ತೆ ತಾಳೆ ನೋಡ್ತಾರೆ.

ಹಾಗಾದ್ರೆ ಇದು ಯಾವ ಯಂತ್ರದಲ್ಲಿದೆ?

ಎಂಜಿನಿಯರಿಂಗ್ ಹುಡುಗರು ಕೊನೆಗೆ ಕೇಳೋ ಪ್ರಶ್ನೆ. ನೇರವಾಗಿ ಹೇಳಬೇಕಂದ್ರೆ ಕೊಲೊಸಲ್ ಪರಿಣಾಮ ಹಾರ್ಡ್ ಡಿಸ್ಕಿಗೆ ಬರಲಿಲ್ಲ. ಅದಕ್ಕೆ ಹಲವು ಟೆಸ್ಲಾ ಫೀಲ್ಡ್ ಬೇಕು, ಡಿಸ್ಕಿನ ಒಂದು ಬಿಟ್ ಅಷ್ಟು ಕೊಡಲ್ಲ. ಇನ್ನೊಂದು ದಾರಿಯೂ ಇತ್ತು: ಎರಡು ಮ್ಯಾಂಗನೈಟ್ ಪದರದ ನಡುವೆ ತೆಳು ಇನ್ಸುಲೇಟರ್ ಇಟ್ಟು ಎಲೆಕ್ಟ್ರಾನ್ ಟನಲ್ ಆಗೋದನ್ನು ಬಳಸೋದು. 2003ರಲ್ಲಿ ಇಂಥ ಜೋಡಣೆಯಲ್ಲಿ 4 ಕೆಲ್ವಿನ್‌ನಲ್ಲಿ ರೆಸಿಸ್ಟೆನ್ಸ್ ಬದಲಾವಣೆ 1800 ಪರ್ಸೆಂಟ್ ದಾಟಿತು. ಆದರೆ ಬಿಸಿ ಏರಿದಂತೆ ಇಳಿದು, ರೂಮ್ ಟೆಂಪರೇಚರ್ ಮುಟ್ಟೋ ಮೊದಲೇ ಮಾಯ. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ. ಟನಲ್ ಆಗೋ ಎಲೆಕ್ಟ್ರಾನ್ ನೋಡೋದು ಅಂಚಿನ ಪದರವನ್ನು. ಒಳಗಿನ ಕಾಂತತ್ವ ಇನ್ನೂ ಗಟ್ಟಿಯಾಗಿದ್ದರೂ ಅಂಚಿನದ್ದು ಬೇಗ ಸೊರಗುತ್ತೆ.

ಗೆದ್ದದ್ದು ಬೇರೆ ಆಕ್ಸೈಡ್. 2004ರಲ್ಲಿ ಜಪಾನಿನ ಯುವಾಸಾ ತಂಡ ಮತ್ತು ಐಬಿಎಂನ ಪಾರ್ಕಿನ್ ತಂಡ, ಕಬ್ಬಿಣ ಆಧಾರಿತ ಮ್ಯಾಗ್ನೆಟ್‌ಗಳ ನಡುವೆ ಒಂದೆರಡು ನ್ಯಾನೋಮೀಟರ್ ಮೆಗ್ನೀಷಿಯಂ ಆಕ್ಸೈಡ್ ಇಟ್ಟು ರೂಮ್ ಟೆಂಪರೇಚರ್‌ನಲ್ಲೇ ಸುಮಾರು 200 ಪರ್ಸೆಂಟ್ ಬದಲಾವಣೆ ತೋರಿಸಿದವು. ಹಾರ್ಡ್ ಡಿಸ್ಕ್ ಓದುವ ಹೆಡ್‌ಗಳಿಗೆ, ಎಂರ್‍ಯಾಮ್ ಮೆಮೊರಿಗೆ ಹೋದದ್ದು ಈ ಜೋಡಣೆ. ಲ್ಯಾಬಿನ ದೊಡ್ಡ ನಂಬರ್ ಸೋತು, ಬಳಸೋ ತಾಪಮಾನದಲ್ಲಿ ಅಂಚು ಗಟ್ಟಿಯಾಗಿರೋದು ಗೆದ್ದಿತು.

ಮ್ಯಾಂಗನೈಟ್ ಕಲಿಸಿದ ಪಾಠ ಮಾತ್ರ ಉಳಿದಿದೆ. ಇಲ್ಲಿ ಕಾಂತತ್ವ ಇರೋದು ಎರಡು ಪರಮಾಣುಗಳ ನಡುವಿನ ಸಂಬಂಧದಲ್ಲಿ. ಅದಕ್ಕೇ ದಪ್ಪ, ಎಳೆತ, ಪದರದ ಕ್ರಮ ಇವೆಲ್ಲ ನಾವು ತಿರುಗಿಸಬಹುದಾದ ಗುಬ್ಬಿಗಳು. ಅದೇ ಕಾರಣಕ್ಕೆ ಅಂಚಿನಲ್ಲಿ ಅದು ಇಷ್ಟು ಬೇಗ ಕೆಡೋದೂ ಹೌದು. ಶಕ್ತಿ, ದೌರ್ಬಲ್ಯ ಎರಡಕ್ಕೂ ಮೂಲ ಒಂದೇ. ಇನ್ಮೇಲೆ ಯಾವುದಾದರೂ ವಸ್ತು ಮ್ಯಾಗ್ನೆಟ್ಟಾ ಅಂತ ಯಾರಾದರೂ ಕೇಳಿದರೆ, ಎಷ್ಟು ದಪ್ಪ, ಯಾವುದರ ಮೇಲೆ, ಯಾರ ಪಕ್ಕ ಅಂತ ಮರುಪ್ರಶ್ನೆ ಹಾಕಿ.

ನೀವೇ ಮಾಡಿ ನೋಡಿ

1. ಸ್ಟ್ರಾನ್ಷಿಯಂ 20 ಪಾಲು ಇದ್ದರೆ ಒಂದು ಮ್ಯಾಂಗನೀಸ್‌ನ ಸರಾಸರಿ ಕಾಂತ ಬಲ ಎಷ್ಟು?
2. ಅಕ್ಕಪಕ್ಕದ ಸ್ಪಿನ್‌ಗಳ ಕೋನ 120 ಡಿಗ್ರಿ ಆದರೆ ಎಲೆಕ್ಟ್ರಾನ್ ಜಿಗಿತದ ಅಳತೆ ಎಷ್ಟಕ್ಕೆ ಇಳಿಯುತ್ತೆ?
3. ಸರಾಸರಿ ನೆರೆಯವರ ಸಂಖ್ಯೆ 5.9 ಆಗಬೇಕಾದರೆ ಫಿಲ್ಮ್‌ನಲ್ಲಿ ಎಷ್ಟು ಪದರ ಇರಬೇಕು? ಅದು ಎಷ್ಟು ನ್ಯಾನೋಮೀಟರ್?

ಉತ್ತರ: 3.8 ಬೋರ್ ಮ್ಯಾಗ್ನೆಟಾನ್, 0.5, 20 ಪದರ, ಸುಮಾರು 7.8 ನ್ಯಾನೋಮೀಟರ್.